ದೊರೆಸಾನಿಯ ಕುತ್ತಿಗೆಯ ಗರಿ

ಹೌಬೆಕ್, ಯೂರ್ ನದಿ ಕಣಿವೆ
೧೯೩೪ರ ಮೇ ೯, ಬುಧವಾರ

ಪ್ರೀತಿಯ ಕೆಜಿಯಾ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಹೋದ ಕಾಗದದಲ್ಲಿ ನೀನು ಮೆಟ್ಟಿಲು ಹತ್ತುವುದಕ್ಕೇ ಆಗುವುದಿಲ್ಲ ಅಂತ ಬರೆದಿದ್ದೆ, ಅದೇ ಕಾಗದದ ಹಿಂಬದಿಯಲ್ಲಿ ಏಣಿ ಹಾಕಿಕೊಂಡು ಅಟ್ಟ ಗುಡಿಸಿದೆ ಅಂತಲೂ ಬರೆದಿದ್ದೆ. ಯಾವುದನ್ನು ನಂಬಲಿ? ಭಾವನ ಉಬ್ಬಸ ಕಡಿಮೆಯಾಯಿತೇ? ಎದೆಗೆ ಹೆಬ್ಬಾತಿನ ಕೊಬ್ಬು ಬಿಸಿ ಮಾಡಿ ತಿಕ್ಕು, ಅವರು ಬೈದರೂ ಬಿಡಬೇಡ. ನಿಮ್ಮ ನ್ಯೂಜಿಲೆಂಡಿನಲ್ಲಿ ಈಗ ಚಳಿ ಶುರುವಾಗಿರಬೇಕು. ನಮಗೆ ವಸಂತ ಬಂದಾಗ ನಿಮಗೆ ಎಲೆ ಉದುರುವುದು ಯಾವ ನ್ಯಾಯವೋ, ಇಪ್ಪತ್ತು ವರ್ಷವಾದರೂ ನನ್ನ ತಲೆಗೆ ಹತ್ತಿಲ್ಲ. ನಾನು ಗಟ್ಟಿಯಾಗಿದ್ದೇನೆ. ಹಲ್ಲೊಂದು ಹೋಯಿತು, ಹಿಂದಿನದು, ನಕ್ಕರೆ ಕಾಣುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕುಳಿತಿದ್ದೀಯಾ? ಕುಳಿತುಕೋ. ಸೆಪ್ಟಿಮಸ್ ಆಲ್ಡರ್‌ಸನ್ ನನ್ನನ್ನು ಮದುವೆಯಾಗುತ್ತೀಯಾ ಅಂತ ಕೇಳಿದ್ದಾನೆ. ಹೌದು, ಗೋಡೆ ಕಟ್ಟುವ ಸೆಪ್ಟಿಮಸ್ಸೇ. ಹದಿನೇಳರ ವಯಸ್ಸಿನಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದು ಮೇಜಿನ ಮೇಲೆ ಮೊಣಕೈ ಊರಿದ ಅಂತ ನೀನು ಕಣ್ಣಲ್ಲೇ ಸುಟ್ಟುಹಾಕಿದೆಯಲ್ಲ, ಅವನೇ. ಅಂದು ಹೆದರಿದವನು ಮದುವೆಯನ್ನೇ ಆಗಲಿಲ್ಲ. ಈಗ ಅವನಿಗೆ ಅರವತ್ತೊಂದು, ನನಗೆ ಐವತ್ತೆಂಟು, ನಮ್ಮ ಅಮೋಸ್ ಮಣ್ಣಾಗಿ ಒಂಬತ್ತು ವರ್ಷ. ಇದೇ ಇಪ್ಪತ್ತಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದೊಳಗೆ ಉತ್ತರ ಹೇಳು ಅಂದಿದ್ದಾನೆ. ಆಗಲ್ಲ ಅನ್ನುವುದಕ್ಕೆ ಒಂದೇ ಒಂದು ಕಾರಣವಿತ್ತು ಅಕ್ಕಾ, ಆ ಕಾರಣಕ್ಕೆ ಎರಡು ಕಾಲು, ಒಂದು ಕೊಕ್ಕು.

ನನ್ನ ಹೇಂಟೆ ದೊರೆಸಾನಿಯ ಬಗ್ಗೆ ಬರೆದಿದ್ದೇನಲ್ಲ, ಒಲೆಯ ಬೂದಿಗೆ ನೀಲಿ ಕಲಸಿದಂಥ ಬಣ್ಣ, ಒಂದೊಂದು ಗರಿಯ ಅಂಚಿಗೂ ಜೇನಿನ ಗೆರೆ. ವಾರಕ್ಕೆ ಎರಡು ಮೊಟ್ಟೆ ಇಟ್ಟರೆ ಹೆಚ್ಚು, ಗತ್ತು ಮಾತ್ರ ಅರಮನೆಯದು. ಅಂಥ ಬಣ್ಣದ ಹೇಂಟೆ ಈ ಕಣಿವೆಯಲ್ಲಿ ಬೇರೆ ಇಲ್ಲ. ಅಪ್ಪ ಮೀನಿನ ಗಾಳಕ್ಕೆ ಗರಿಹುಳ ಕಟ್ಟುತ್ತಿದ್ದುದು ನಿನಗೆ ನೆನಪಿರಬೇಕು. ಕೊಕ್ಕೆಗೆ ನಾಲ್ಕು ಸುತ್ತು ರೇಷ್ಮೆ ದಾರ, ಅದರ ಮೇಲೆ ಮೆತ್ತನೆಯ ಒಂದು ಗರಿ, ಅಷ್ಟೇ. ಅದಕ್ಕಿಂತ ಹೆಚ್ಚು ಸುತ್ತಿದರೆ, “ಮೀನಿಗೆ ತಿನ್ನೋಕೆ ಕೊಡ್ತಿದೀಯೋ, ಮದ್ವೆಗೆ ಸಿಂಗಾರ ಮಾಡ್ತಿದೀಯೋ” ಅಂತ ಬೈಯುತ್ತಿದ್ದರು. ಹುಂಜದ ಗರಿ ಬಿರುಸು, ನೀರಿನಲ್ಲಿ ಸೆಟೆದು ನಿಲ್ಲುತ್ತದೆ; ಹೇಂಟೆಯದಾದರೆ ಹೊಳೆಯ ಜೊತೆ ಬಳುಕುತ್ತದೆ, ಟ್ರೌಟ್ ಮೀನು ಅದನ್ನು ಜೀವಂತ ಹುಳವೆಂದೇ ನುಂಗುತ್ತದೆ. ಅದರಲ್ಲೂ ದೊರೆಸಾನಿಯ ಬಣ್ಣ ಏಪ್ರಿಲಿನಲ್ಲಿ ಹೊಳೆಯ ಮೇಲೆ ಏಳುವ ಹುಳದ್ದೇ ಬಣ್ಣ. ಹಾಗಾಗಿ ಗಾಳ ಹಿಡಿಯುವ ಗಂಡಸರೆಲ್ಲ ನಮ್ಮ ಬೇಲಿಯ ಹತ್ತಿರ ಬಂದಾಗ ಮಾತ್ರ ಬೂಟಿನ ಲೇಸು ಬಿಗಿದುಕೊಳ್ಳುತ್ತಾರೆ, ಕಣ್ಣೆಲ್ಲ ಉದುರಿದ ಗರಿಯ ಮೇಲೆ.

ಸೆಪ್ಟಿಮಸ್ ಕಳೆದ ಸುಗ್ಗಿಯಿಂದ ಪ್ರತಿ ಭಾನುವಾರ ಚಹಾಕ್ಕೆ ಬರುತ್ತಿದ್ದ. ಮಾತು ಕಡಿಮೆ. ಮಾತಾಡುವ ಕೆಲಸ ನಾನು ನೋಡಿಕೊಳ್ಳುತ್ತಿದ್ದೆ, ತಿನ್ನುವ ಕೆಲಸ ಅವನು. ಮಾರ್ಚಿನಲ್ಲಿ ಒಂದು ದಿನ ಹಿತ್ತಲ ಬಾಗಿಲಲ್ಲಿ ನಿಂತು, ಟೋಪಿ ಹಿಂಡುತ್ತಾ, “ಎರಡು ಕಡೆ ಯಾಕೆ ಒಲೆ ಉರೀಬೇಕು? ಒಂದೇ ಮನೇಲಿ ಇರಬೋದಲ್ಲ” ಅಂದ. ಹೇಳುವಾಗ ಅವನ ಕಣ್ಣು ನನ್ನ ಮೇಲಿರಲಿಲ್ಲ ಅಕ್ಕಾ, ನೇರವಾಗಿ ದೊರೆಸಾನಿಯ ಮೇಲಿತ್ತು. ಕೇಳಿದ್ದು ನನ್ನನ್ನೋ ಅವಳನ್ನೋ? ಅವಳಂತೂ ಕೊಕ್ ಅಂದಳು. ನಾನು ಯೋಚಿಸಿ ಹೇಳುತ್ತೇನೆ ಅಂದೆ. ಅಂಗಡಿಯ ಮಾರ್ತಾ ಡಿನ್ಸ್‌ಡೇಲಳಿಗೆ ಹೇಳಿದ್ದು ನನ್ನ ತಪ್ಪು. ಸಕ್ಕರೆ ತೂಗುತ್ತಾ, ಅಂಗಡಿ ತುಂಬ ಜನರಿರುವಾಗಲೇ, “ಲೇ ಥಿರ್ಜಾ, ನಿನ್ ಮುಖ ನೋಡ್ಕೊಂಡು ಬರ್ತಾನೆ ಅಂದ್ಕೊಂಡ್ಯಾ? ಕೋಳಿ ಸತ್ ಮಾರನೇ ದಿನ ಅವನು ನಿನ್ನ ಬೀದೀಲಿ ಕಾಣಿಸಿದ್ರೆ ನನ್ ಹೆಸರು ಬದಲಾಯಿಸ್ಕೋತೀನಿ” ಅಂದಳು. ನಗುತ್ತಾ ಮನೆಗೆ ಬಂದೆ. ಬಂದು ಅತ್ತೆ.

ಏಪ್ರಿಲ್ ಬಂತು, ದೊರೆಸಾನಿಯ ಕುತ್ತಿಗೆ ಬೋಳಾಗತೊಡಗಿತು. ಮೊದಲು ಹೇನು ಅಂದುಕೊಂಡೆ, ಗಂಧಕಕ್ಕೆ ಹಂದಿಕೊಬ್ಬು ಕಲಸಿ ಹಚ್ಚಿದೆ. ಅವಳು ಆ ಮೈಯಲ್ಲೇ ಒಣಹಾಕಿದ್ದ ಬಟ್ಟೆಗಳ ಮೇಲೆ ಹಾರಿ ಕುಳಿತು ನನ್ನ ಒಳ್ಳೆಯ ದಿಂಬಿನ ಚೀಲವನ್ನೆಲ್ಲ ಹಳದಿ ಮಾಡಿದಳು. ಚಳಿ ಹಿಡಿಯದಿರಲಿ ಅಂತ ಕೆಂಪು ಉಣ್ಣೆಯಲ್ಲಿ ಒಂದು ಕೊರಳಪಟ್ಟಿ ಹೆಣೆದು ತೊಡಿಸಿದೆ. ನಗಬೇಡ, ಬೀದಿಯಲ್ಲಿ ಹೋಗುವವರು ನಕ್ಕಿದ್ದು ಸಾಕು. ಆಮೇಲೆ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿ ಸರಿಯಾಗಿ ನೋಡಿದೆ. ಹೋಗಿದ್ದೆಲ್ಲ ಆರಿಸಿದ ಗರಿ! ಜೇನಿನ ಅಂಚಿನ ಪುಟ್ಟ ಗರಿಗಳು ಮಾತ್ರ ಇಲ್ಲ, ಸೊಟ್ಟಗಿರುವುದು, ಮಾಸಿರುವುದು ಎಲ್ಲ ಹಾಗೇ ಇವೆ. ಹೇನಿಗೆ ಅಷ್ಟು ರುಚಿಭೇದ ಎಲ್ಲಿಂದ ಬರಬೇಕು? ಮಾರ್ತಾ ಹೇಳಿದ್ದೇ ನಿಜ ಅನ್ನಿಸಿತು.

ಆ ಭಾನುವಾರ ಸೆಪ್ಟಿಮಸ್ ಬಂದ. ರೂಬಾರ್ಬ್ ದಂಟಿನ ಪೈ ಮಾಡಿದ್ದೆ, ಎರಡನೇ ತುಂಡು ಅವನ ತಟ್ಟೆಯಲ್ಲಿತ್ತು. ತಿಂದು ಮುಗಿಸುವವರೆಗಾದರೂ ತಡೆದುಕೊಳ್ಳಬೇಕಿತ್ತು, ನನ್ನ ನಾಲಿಗೆ ನಿನಗೆ ಗೊತ್ತಲ್ಲ. “ಗರಿ ಬೇಕಿದ್ರೆ ಬಾಯಿ ಬಿಟ್ಟು ಕೇಳ್ಬೇಕಿತ್ತು. ಅದಕ್ಕೋಸ್ಕರ ಒಬ್ಬ ವಿಧವೆ ಮನಸ್ಸಲ್ಲಿ ಆಸೆ ಹುಟ್ಟಿಸ್ಬೇಕಿತ್ತಾ? ಕೋಳಿ ಕಳ್ಳ!” ಅಂದುಬಿಟ್ಟೆ. ಅವನು ಚಮಚ ಕೆಳಗಿಟ್ಟ. ಜಗಳ ಆಡಲಿಲ್ಲ, ಆಣೆ ಹಾಕಲಿಲ್ಲ. ಟೋಪಿ ತೆಗೆದುಕೊಂಡು, “ಪೈ ಚೆನ್ನಾಗಿತ್ತು ಥಿರ್ಜಾ” ಅಂತ ಹೇಳಿ ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಭಾನುವಾರ ಬರಲಿಲ್ಲ. ನಾನು ಅಭ್ಯಾಸಬಲದಿಂದ ಎರಡು ಬಟ್ಟಲು ಇಟ್ಟು, ಒಂದನ್ನು ಮತ್ತೆ ಎತ್ತಿಟ್ಟೆ. ಮನೆಯಲ್ಲಿ ಗಡಿಯಾರದ ಸದ್ದು ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. ನನಗೆ ಅವನು ಬೇಕಾಗಿದ್ದ ಅಕ್ಕಾ, ಅದು ಅವತ್ತು ಗೊತ್ತಾಯಿತು.

ಅವನು ಬರುವುದು ನಿಂತರೂ ಗರಿ ಹೋಗುವುದು ನಿಲ್ಲಲಿಲ್ಲ. ಬುದ್ಧಿ ಇದ್ದವರಿಗೆ ಅಲ್ಲಿಯೇ ಹೊಳೆಯಬೇಕಿತ್ತು. ನಾನು ಮಾತ್ರ, ಗೋಡೆ ಕಟ್ಟುವವನಿಗೆ ಗೋಡೆ ಹಾರುವುದೇನು ಕಷ್ಟ ಅಂದುಕೊಂಡು ಇನ್ನಷ್ಟು ಬೈದುಕೊಂಡೆ. ಆ ದಿನಗಳಲ್ಲಿ ನನಗೆ ಸಮಾಧಾನ ಹೇಳುತ್ತಿದ್ದವರು ಒಬ್ಬರೇ, ನಮ್ಮ ಹೊಸ ಪಾದ್ರಿ ಪಿಕರ್ಸ್‌ಗಿಲ್. ಗುರುವಾರ ಗುರುವಾರ ಬರುತ್ತಿದ್ದರು. ಪ್ರಾರ್ಥನೆ ಮಾಡಿ, ಚೀಸ್ ಜೊತೆ ಕೇಕು ತಿಂದು, “ತಾಯಿ, ನಿಮ್ಮ ಹಿತ್ತಿಲಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಧ್ಯಾನ ಮಾಡ್ಲಾ? ಅಲ್ಲಿ ದೇವರು ಬಹಳ ಹತ್ತಿರ ಅನ್ನಿಸುತ್ತೆ” ಅನ್ನುವರು. ಎಂಥ ದೈವಭಕ್ತರು ಅಂತ ನಾನು ಕಿಟಕಿಯ ಪರದೆ ಕೂಡ ಎಳೆಯುತ್ತಿದ್ದೆ, ಭಂಗವಾಗದಿರಲಿ ಅಂತ. ಧ್ಯಾನ ಮುಗಿಸಿ ಬಂದಾಗ ಯಾವಾಗಲೂ ಸೀನುತ್ತಿದ್ದರು.

ಮೊನ್ನೆ ಭಾನುವಾರ ಚಾಪೆಲ್ಲಿನಲ್ಲಿ ಹತ್ತು ಆಜ್ಞೆಗಳ ಬಗ್ಗೆ ಉಪದೇಶ. ನೆರೆಯವನ ಎತ್ತನ್ನು ಬಯಸಬೇಡ, ಕತ್ತೆಯನ್ನು ಬಯಸಬೇಡ ಅನ್ನುವಲ್ಲಿಗೆ ಬಂದು ಪಾದ್ರಿಗಳಿಗೆ ಆವೇಶ ಬಂತು, ಬೆವರೂ ಬಂತು. ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಝಾಡಿಸಿ ಎಳೆದರು. ಅದರ ಜೊತೆಗೇ ಬಂತು ನೋಡು, ಬೂದಿನೀಲಿ ಗರಿಗಳ ಒಂದು ಮೋಡ! ಕಿಟಕಿಯ ಬಿಸಿಲಿನಲ್ಲಿ ಮೆಲ್ಲಗೆ ತೇಲುತ್ತಾ ಇಳಿದವು. ಎರಡು ಅವರ ಹಣೆಗೆ ಅಂಟಿದವು, ಒಂದು ಬೈಬಲ್ಲಿನ ಮೇಲೆ ಕುಳಿತಿತು. ಚಾಪೆಲ್ಲಿನಲ್ಲಿ ಅರ್ಧ ಜನ ಗಾಳ ಹಿಡಿಯುವವರು, ಎಲ್ಲರಿಗೂ ಯಾರ ಗರಿ ಅಂತ ಗೊತ್ತು. ಪಾದ್ರಿಗಳಿಗೂ ಗಾಳದ ಹುಚ್ಚು ಅಂತ ಮಾತ್ರ ಅವತ್ತೇ ತಿಳಿದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಇವರು ಯಾರೂ ಏನೂ ಅನ್ನುವ ಮೊದಲೇ ನನ್ನ ಕಡೆ ತಿರುಗಿ, “ಉದುರಿದ್ದನ್ನ ಮಾತ್ರ ಆರಿಸ್ಕೊಂಡೆ, ತಾಯಿ” ಅಂದರು. ನಾನು ಎದ್ದು ನಿಂತು, “ಎತ್ತು ಕತ್ತೆ ಜೊತೆ ಕೋಳೀನೂ ಸೇರಿಸ್ಕೊಳ್ಳಿ ಸ್ವಾಮಿ” ಅಂದೆ. ಅಪ್ಪ ಇದ್ದಿದ್ದರೆ ನನ್ನನ್ನು ಹೊರಗೆ ಎಳೆದುಕೊಂಡು ಹೋಗುತ್ತಿದ್ದರು, ಅಥವಾ ಒಂದು ಗರಿ ಹೆಕ್ಕಿಕೊಳ್ಳುತ್ತಿದ್ದರು.

ನಗೆಯೆಲ್ಲ ಮುಗಿದ ಮೇಲೆ ನನಗೆ ಅಳು ಬಂತು. ಏನೂ ಮಾಡದವನನ್ನು ಕಳ್ಳ ಅಂದಿದ್ದೆ. ಸೋಮವಾರ ಹೊಳೆಯ ಹತ್ತಿರ ಹೋದೆ. ಸೆಪ್ಟಿಮಸ್ ತೊಡೆಮಟ್ಟ ನೀರಿನಲ್ಲಿ ನಿಂತು ಹರಿವಿಗೆ ಎದುರಾಗಿ ದಾರ ಬೀಸುತ್ತಿದ್ದ, ಮೋಟು ದಾರ, ಅದಕ್ಕೆ ಮೂರು ಗರಿಹುಳ. ನಾನು ದಡದಿಂದ ಕೂಗಿದೆ. ತಿರುಗದೆ ಕೈ ಮಾತ್ರ ಎತ್ತಿದ. ಆಚೆ ಬಂಡೆಯ ಹಿಂದೆ ಒಂದು ಮೀನು ಮೇಲೇಳುತ್ತಿತ್ತು. ಬಾಯಿ ಮುಚ್ಚಿಕೊಂಡು ನಿಂತೆ. ನಂಬು ಅಕ್ಕಾ, ಒಂದು ಅಕ್ಷರ ಆಡಲಿಲ್ಲ. ಶೂ ಒಳಗೆ ನೀರು ಬಂತು, ಆಡಲಿಲ್ಲ. ಒಂದು ಹಸು ಬಂದು ನನ್ನ ಶಾಲು ನೆಕ್ಕಿತು, ಆಗಲೂ ಆಡಲಿಲ್ಲ. ಕೊನೆಗೆ ಮೀನು ಬಲೆಗೆ ಬಿದ್ದ ಮೇಲೆ ದಡಕ್ಕೆ ಬಂದು ಹೇಳಿದ, “ನೀನು ಇಷ್ಟೊತ್ತು ಸುಮ್ಮನಿದೀಯ ಅಂದ್ರೆ ಭಾರೀ ವಿಷಯಾನೇ ಇರ್ಬೇಕು.” ತಪ್ಪಾಯಿತು ಅಂದೆ. ಕೋಳಿಗೋಸ್ಕರ ಬರುತ್ತಿದ್ದೀಯ ಅಂದುಕೊಂಡಿದ್ದೆ ಅಂದೆ.

ಅವನು ಮೀನು ತೊಳೆಯುತ್ತಾ ಯೋಚಿಸಿದ. ಆಮೇಲೆ, “ಅದಕ್ಕೇ ಬಂದಿದ್ದು” ಅಂದ! “ಸುಳ್ಳು ಯಾಕೆ ಹೇಳ್ಲಿ? ಮೊದಲನೇ ಭಾನುವಾರ ಕೋಳಿ ನೋಡೋಕೇ ಬಂದೆ. ಆಮೇಲೆ ಪೈ ಆಸೆಗೆ ಬಂದೆ. ಆಮೇಲೆ ಒಂದಿನ ನೀನು ಬಾಯ್ತುಂಬ ಮಾತಾಡ್ತಾ ಆಡ್ತಾ ಕತ್ತಲಾಗೋಯ್ತು ನೋಡು. ಮನೇಗೆ ಹೋಗಿ ಬೂಟು ಬಿಚ್ತಾ ಜ್ಞಾಪಿಸ್ಕೊಂಡೆ, ಇವತ್ತು ಕೋಳಿ ನೋಡೋದೇ ಮರೆತೋಯ್ತಲ್ಲ ಅಂತ. ಕೇಳೋ ದಿನ ಅದನ್ನ ನೋಡಿದ್ದು ಯಾಕೆ ಅಂದ್ರೆ, ನಿನ್ ಮುಖ ನೋಡಿ ಕೇಳೋಷ್ಟು ಧೈರ್ಯ ನನಗಿಲ್ಲ.” ಅವನು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ, ಹುಟ್ಟಿದಾಗಿನಿಂದ ಕೂಡಿಟ್ಟಿದ್ದನೋ ಏನೋ. “ಹಂಗಾದ್ರೆ ಉತ್ತರ?” ಅಂದ. “ಅಕ್ಕನ್ನ ಕೇಳ್ಬೇಕು” ಅಂದುಬಿಟ್ಟೆ. ಅವನು ಮುಖ ಸಪ್ಪೆ ಮಾಡಿಕೊಂಡು, “ಕೆಜಿಯಾನಾ? ಮೊಣಕೈ ವಿಷ್ಯ ಇನ್ನೂ ನೆನಪಿದ್ಯಾ ಅವರಿಗೆ?” ಅಂತ ಕೇಳಿದ.

ಆದ್ದರಿಂದ ಅಕ್ಕಾ, ಯೋಚಿಸಿ ಬರೆ. ಮನುಷ್ಯ ಒಳ್ಳೆಯವನು, ಕುಡಿಯುವುದಿಲ್ಲ, ಮನೆ ಸೋರುವುದಿಲ್ಲ. ಮೊಣಕೈ ಈಗಲೂ ಊರುತ್ತಾನೆ, ನಾನು ಮುಚ್ಚಿಡುವುದಿಲ್ಲ. ನೀನು ಬೇಡ ಅಂದರೆ ಯಾಕೆ ಬೇಡ ಅಂತ ಬಿಡಿಸಿ ಬರೆ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು, ನಿನ್ನ ಎರಡೂ ಮಂಡಿಗೆ ದೇವರು ಬಲ ಕೊಡಲಿ.

ನಿನ್ನ ಪ್ರೀತಿಯ ತಂಗಿ
ಥಿರ್ಜಾ

ತಾ.ಕ.: ಅಂಚೆ ಮನೆಯ ಮೇಜಿನ ಮೇಲಿಟ್ಟು ಬರೆಯುತ್ತಿದ್ದೇನೆ, ಪೆನ್ನು ಇಲ್ಲಿಯದು, ಮಸಿ ಕಾರುತ್ತದೆ. ಬೆಳಿಗ್ಗೆ ಇದನ್ನು ಹಾಕಲು ಬಂದಾಗ ಅಂಚೆಯವನು, ಹೋಗೋಕೆ ಆರು ವಾರ, ಉತ್ತರ ಬರೋಕೆ ಆರು ವಾರ ಅಂದ. ಮೊದಲೂ ಗೊತ್ತಿದ್ದದ್ದೇ, ಆದರೆ ಇವತ್ತು ಕೇಳಿ ಬೆರಳಲ್ಲಿ ಎಣಿಸಿದೆ, ಪೆಂಟೆಕೋಸ್ಟಿಗೆ ಎರಡು ವಾರವೂ ಇಲ್ಲ. ಈ ವಯಸ್ಸಿನಲ್ಲಿ ಇನ್ನು ಹನ್ನೆರಡು ಭಾನುವಾರ ಒಂದೇ ಬಟ್ಟಲು ಇಡುವುದೇ? ಕಾಗದ ಜೇಬಿಗೆ ಹಾಕಿಕೊಂಡು ನೇರ ಮೇಲಿನ ಹೊಲಕ್ಕೆ ಹೋದೆ, ಅವನು ಗೋಡೆ ಕಟ್ಟುತ್ತಿದ್ದ, ಆಗಲಿ ಅಂದುಬಿಟ್ಟೆ. ಜೂನ್ ಎರಡು, ಶನಿವಾರ. ಮದುವೆ ಮಾಡಿಸುವವರು ಪಿಕರ್ಸ್‌ಗಿಲ್ಲೇ, ಬಿಟ್ಟಿ, ಇಲ್ಲ ಅನ್ನುವ ಮುಖ ಅವರಿಗೆಲ್ಲಿದೆ? ಕೋಪ ಮಾಡಿಕೊಳ್ಳಬೇಡ ಅಕ್ಕಾ. ಅಮೋಸನನ್ನು ನೀನು ಆರಿಸಿಕೊಟ್ಟೆ, ದೂರಿಲ್ಲ, ಒಳ್ಳೆಯವನೇ. ಇವನನ್ನು ನಾನೇ ಆರಿಸಿಕೊಂಡೆ. ಆಗಲಿ ಅಂದಾಗ ಅವನು ಕೈಯಲ್ಲಿದ್ದ ಕಲ್ಲನ್ನು ಗೋಡೆಗಿಟ್ಟ, ತೆಗೆದ, ತಿರುಗಿಸಿ ಮತ್ತೆ ಇಟ್ಟ, ಕಣ್ಣು ಒರೆಸಿಕೊಂಡ. ಯಾಕೋ ಅಂದರೆ ಸುಣ್ಣದ ಧೂಳು ಬಿತ್ತು ಅಂದ. ನಮ್ಮ ಕಣಿವೆಯಲ್ಲಿ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುತ್ತಾರೆ, ಸುಣ್ಣ ಎಲ್ಲಿಂದ ಬರಬೇಕು? ಬುದ್ಧಿಮಾತು ಎಷ್ಟು ಬೇಕಾದರೂ ಬರೆ, ಓದುತ್ತೇನೆ, ವಿಳಾಸ ಮಾತ್ರ ಶ್ರೀಮತಿ ಆಲ್ಡರ್‌ಸನ್ ಅಂತ ಇರಲಿ.