ಎಡಕ್ಕೆ ಒಂದು ಬೆರಳು, ಬಲಕ್ಕೆ ಒಂದು ಪೋಸ್ಟ್‌ಕಾರ್ಡ್

ಮಾರ್ಚ್ ೪, ಸೋಮವಾರ

ಅಪ್ಪಾ, ಗೆದ್ದೆವು! ಚಾಂಪಿಯನ್‌ನ ಸೋಲಿಸಿಬಿಟ್ಟೆವು, ಅದೂ ಅವನದೇ ಕ್ಲಬ್ಬಿನಲ್ಲಿ, ಅವನ ಚೇಲಾಗಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ! ಒಂಬತ್ತು ವರ್ಷ ಆ ಗೋಡೆಯ ಮೇಲಿದ್ದ ಕಾಗದ ಈಗ ನನ್ನ ಬೀರುವಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಮಲಗಿದೆ!

ಉಸ್ಸಪ್ಪಾ. ಈಗ ಕ್ರಮವಾಗಿ ಬರೆಯುತ್ತೇನೆ. ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರಗಳು. ಮದುವೆಯಾಗಿ ನಲವತ್ತು ದಿನವಾದರೂ ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ಫೋನಿನಲ್ಲಿ ಹೇಳಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನು "ಹೂಂ, ಚೆನ್ನಾಗಿದ್ದೀಯಲ್ಲ" ಅಂದು ಅಮ್ಮನ ಕೈಗೆ ದಾಟಿಸಿಬಿಡುತ್ತೀಯ. ಕಾಗದವನ್ನಾದರೆ ಯಾರ ಕೈಗೂ ಕೊಡದೆ ಎರಡು ಸಲ ಓದುತ್ತೀಯ. ನನ್ನ ಕಾಗುಣಿತ ನೋಡಿ ನಗಬೇಡ. ಇಂಗ್ಲಿಷ್ ಶಾಲೆಗೆ ಹಾಕಿದವನು ನೀನೇ.

ನಾನು ತುಂಬಾ ತುಂಬಾ ಸುಖವಾಗಿದ್ದೇನೆ. ನಿನ್ನ ಅಳಿಯನ ವಿಷಯ ಶುರು ಮಾಡಿದರೆ ಹಾಳೆ ಸಾಲದು. ಬೆಳಗಿನ ಚಹಾ ಮಾಡುವವರು ಇವರೇ. ಅದರಲ್ಲಿ ಸ್ವಲ್ಪ ಗ್ರೀಸಿನ ವಾಸನೆ ಇರುತ್ತದೆ ಅನ್ನುವುದು ಬೇರೆ ಮಾತು. ಅತ್ತೆಯಂತೂ, "ನೀವಿಬ್ರು ಮಾತಾಡೋದು ಕೇಳಿದ್ರೆ ನಿನ್ನ ಮದುವೆ ಆ ಕಾರಿನ ಜೊತೆ ಆಗಿದೆಯೇನೋ ಅನ್ಸುತ್ತೆ ಕಣೇ" ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ ಅಪ್ಪ. ನಮ್ಮ ಪರಿಚಯವಾದ ಹೊಸದರಲ್ಲಿ ಇವರು ಹಳೆಯ ಕಾರೊಂದನ್ನು ಅದೇ ಕ್ಲಬ್ಬಿನ ಕಾಲು ಮೈಲಿ ಓಟದಲ್ಲಿ ಓಡಿಸುತ್ತೇನೆ ಅಂದರು. ಆ ಕ್ಷಣವೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟೆ. ಅರ್ಧ ಪ್ರೀತಿಗೆ, ಅರ್ಧ ಆ ಗೋಡೆಗೆ. ಈಗ ಪ್ರೀತಿ ಮುಕ್ಕಾಲಾಗಿದೆ, ಹೆದರಬೇಡ.

ಮದುವೆಯಾದ ಮೊದಲ ವಾರವೇ ಆ ಗೋಡೆಯನ್ನು ನೋಡಿದೆ. ಕ್ಲಬ್ಬಿನ ಕೋಣೆಯಲ್ಲಿ ಒಂದು ಕಡೆ ಗೆದ್ದ ಕಪ್ಪುಗಳ ಸಾಲು, ಇನ್ನೊಂದು ಕಡೆ ಕೈ ತೊಳೆಯುವ ಬೇಸಿನ್. ಬೇಸಿನ್ ಮೇಲೆ, ಕನ್ನಡಿ ಇರಬೇಕಾದ ಜಾಗದಲ್ಲಿ, ಗಾಜಿನ ಚೌಕಟ್ಟಿನೊಳಗೆ ನಿನ್ನ ತಪ್ಪೊಪ್ಪಿಗೆ. ಕೆಳಗೆ ನಿನ್ನ ಸಹಿ. ಹೊಸ ಮೆಕ್ಯಾನಿಕ್ ಯಾರೇ ಬಂದರೂ ಅದರ ಮುಂದೆ ನಿಲ್ಲಿಸಿ ಜೋರಾಗಿ ಓದಿಸುತ್ತಾರಂತೆ. ಅದು ಅಲ್ಲಿನ ಸ್ವಾಗತ, ಅದು ಅಲ್ಲಿನ ತಮಾಷೆ. ನಾನು ಕೈ ತೊಳೆದುಕೊಂಡೆ, ಒರೆಸಿಕೊಂಡೆ, ಮತ್ತೆ ತೊಳೆದುಕೊಂಡೆ. ಚಾಂಪಿಯನ್ ಪಕ್ಕದಲ್ಲೇ ಬಿಸ್ಕತ್ತು ತಿನ್ನುತ್ತ ಕುಳಿತಿದ್ದ. ಕೂದಲು ಉದುರಿದೆ, ಹೊಟ್ಟೆ ಬಂದಿದೆ, ಈಗ ಕ್ಲಬ್ಬಿಗೆ ಅಧ್ಯಕ್ಷ ಬೇರೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬರೆದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ. ನೀನು ಕ್ಲಬ್ಬಿನ ಕಾರುಗಳ ಮೆಕ್ಯಾನಿಕ್ ಆಗಿದ್ದಾಗ, ಬೇಡ ಬೇಡವೆಂದರೂ ಅವನು ತನ್ನ ಓಟದ ಕಾರಿನ ಹಿಂಭಾಗವನ್ನು ತಗ್ಗಿಸಿ ಗಟ್ಟಿ ಸ್ಪ್ರಿಂಗ್ ಹಾಕಿಸಿದ, ನೋಡಲು ಚೆಂದ ಅಂತ. ಹಸಿರು ದೀಪ ಬಿದ್ದ ತಕ್ಷಣ ಹಿಂದಿನ ಚಕ್ರ ಕುಪ್ಪಳಿಸಿತು, ಆಕ್ಸಲ್ ಲಟಕ್ಕನೆ ಮುರಿಯಿತು. ಅಷ್ಟು ಜನರ ಮುಂದೆ ನಿನ್ನ ಕಾಲರ್ ಹಿಡಿದು, "ನಿನ್ನ ಕೈಗೆ ಸೈಕಲ್ ಕೂಡ ಕೊಡಬಾರದು ಕಣಯ್ಯ" ಅಂದ. ತಪ್ಪೊಪ್ಪಿಗೆ ಕೊಟ್ಟರೆ ಮಾತ್ರ ಕ್ಲಬ್ಬಿನ ಕೆಲಸ ಉಳಿಯುತ್ತದೆ ಅಂದ. ನೀನು ಸಹಿ ಹಾಕಿಕೊಟ್ಟೆ. ಕೆಲಸ ಉಳಿಯಲಿಲ್ಲ. ಅದೇ ಕಾಗದ ತೋರಿಸಿ ತೋರಿಸಿ ಒಂದೊಂದೇ ಕಾರನ್ನು ನಿನ್ನ ಶೆಡ್ಡಿನಿಂದ ಬಿಡಿಸಿಕೊಂಡು ಹೋದ. ನೀನು ನೀರಿನ ಪಂಪು ರಿಪೇರಿಗೆ ಕುಳಿತೆ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಕಾರಿನ ಮಾತೆತ್ತಲಿಲ್ಲ.

ನಾನು ಎತ್ತಿದೆ. ಗೋಡೆ ನೋಡಿ ಬಂದ ರಾತ್ರಿ ಊಟಕ್ಕೆ ಕುಳಿತಾಗಲೇ ಇವರಿಗೆ ಎಲ್ಲ ಹೇಳಿ, "ರೀ, ಅವನನ್ನ ಸೋಲಿಸಬೇಕು" ಅಂದೆ. ಇವರು ತುತ್ತು ಕೈಯಲ್ಲೇ ಹಿಡಿದುಕೊಂಡು, "ಎಂಜಿನ್ ದಮ್ಮು ಸಾಕಷ್ಟಿದೆ ಮಹಾರಾಯ್ತಿ. ಆದ್ರೆ ಆ ದಮ್ಮು ನೆಲಕ್ಕೆ ಇಳಿಯಲ್ಲ. ಹೊರಡುವಾಗಲೇ ಹಿಂದಿನ ಚಕ್ರ ಕುಣಿಯುತ್ತೆ" ಅಂದರು. ಅಪ್ಪಾ, ನನಗೆ ಕಿವಿ ನಿಮಿರಿತು. ಇದು ನಮ್ಮ ಮನೆಯ ಪಾಠ!

ಮರುದಿನ ಬಿಡಿಭಾಗದ ಅಂಗಡಿಗೆ ಹೋದೆವು. ಅಂಗಡಿಯವನು ಪಳಪಳ ಹೊಳೆಯುವ ಒಂದು ಪೆಟ್ಟಿಗೆ ಬಿಚ್ಚಿಟ್ಟ. ಪಟ್ಟಿ ಪಟ್ಟಿಯ ಲೀಫ್ ಸ್ಪ್ರಿಂಗನ್ನೇ ಕಿತ್ತು ಹಾಕಿ, ನಾಲ್ಕು ತೋಳು, ಸುರುಳಿ ಸ್ಪ್ರಿಂಗ್, ಎಲ್ಲ ಹೊಸದು. ಇವರ ಕಣ್ಣು ಮಗುವಿನ ಕಣ್ಣಾಯಿತು. ನಾನು, "ಬೇಡ. ಟ್ರ್ಯಾಕ್ಷನ್ ಬಾರ್ ಕೊಡಿ, ಬಿಗಿ ಹೆಚ್ಚು ಕಡಿಮೆ ಮಾಡಬಹುದಾದ ಶಾಕ್ ಅಬ್ಸಾರ್ಬರ್ ಕೊಡಿ. ಸಾಕು" ಅಂದೆ. ಅಂಗಡಿಯವನು ನನ್ನನ್ನು ಬಿಟ್ಟು ಇವರ ಮುಖ ನೋಡಿ, "ಸರ್, ಮೇಡಂಗೆ ಒಳಗೆ ಫ್ಯಾನ್ ಕೆಳಗೆ ಕುರ್ಚಿ ಹಾಕಿಸ್ಲಾ?" ಅಂದ. ನಾನು ಅವನ ಗಲ್ಲಾದ ಮೇಲಿದ್ದ ಪ್ಲಾಸ್ಟಿಕ್ ಸ್ಕೇಲ್ ಎತ್ತಿಕೊಂಡೆ. ನೀನು ನನಗೆ ಏಳನೇ ಕ್ಲಾಸಿನಲ್ಲಿ ತೋರಿಸಿದ್ದೆಯಲ್ಲ, ಹಾಗೇ ತೋರಿಸಿದೆ. ಎರಡು ತುದಿ ಅವನ ಕೈಗೆ ಕೊಟ್ಟು, ಮಧ್ಯ ಹಿಡಿದು ತಿರುಚಿದೆ. ಚಕ್ರ ಮುಂದಕ್ಕೆ ಸುತ್ತಲು ಹೊರಟರೆ ಆಕ್ಸಲ್ ಹಿಂದಕ್ಕೆ ತಿರುಚಿಕೊಳ್ಳುತ್ತದೆ, ಸ್ಪ್ರಿಂಗಿನ ಪ್ಲೇಟು ಹೀಗೆ ಡೊಂಕಾಗುತ್ತದೆ, ಆಮೇಲೆ ಹೀಗೆ, ಅಂದು ಬಿಟ್ಟೆ. ಸ್ಕೇಲ್ ಟಪ್ಪನೆ ಅವನ ಹೆಬ್ಬೆರಳಿಗೆ ಹೊಡೆಯಿತು. "ಇದೇ ಕುಪ್ಪಳಿಸೋದು. ಈ ಡೊಂಕು ಆಗದ ಹಾಗೆ ಕೆಳಗಿಂದ ಒಂದು ಗಟ್ಟಿ ಕೈ ಬೇಕು, ಆ ಕೈಯೇ ಟ್ರ್ಯಾಕ್ಷನ್ ಬಾರ್, ಅಷ್ಟೇ" ಅಂದೆ. ಬೆರಳು ಚೀಪುತ್ತಲೇ ಬಾರ್ ತೆಗೆದುಕೊಟ್ಟ. ಇವರು ದಾರಿಯುದ್ದಕ್ಕೂ ನಕ್ಕರು.

ಜೋಡಿಸಲು ಎರಡು ಭಾನುವಾರ ಹಿಡಿಯಿತು. ಬಾರಿನ ತುದಿಯ ರಬ್ಬರಿಗೂ ಸ್ಪ್ರಿಂಗಿಗೂ ನಡುವೆ ಎಷ್ಟು ಸಂದು ಬಿಡಬೇಕು ಅನ್ನುವಲ್ಲಿ ನಮ್ಮ ಮೊದಲ ಜಗಳವೂ ಆಯಿತು. ಇವರು ಎರಡೂ ಕಡೆ ಸಮ ಇರಬೇಕು ಅಂದರು. ನಾನು ಎಡಕ್ಕೆ ಒಂದು ಬೆರಳು, ಬಲಕ್ಕೆ ಒಂದು ಪೋಸ್ಟ್‌ಕಾರ್ಡ್ ಹೋಗುವಷ್ಟೇ ಅಂದೆ. "ಯಾವ ಪುಸ್ತಕದಲ್ಲಿದೆ?" "ಪುಸ್ತಕದಲ್ಲಿಲ್ಲ, ನಮ್ಮಪ್ಪನ ಜೇಬಲ್ಲಿತ್ತು." ನಿನ್ನ ಅಂಗಿ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದ, ಅಂಚೆಲ್ಲ ಎಣ್ಣೆಯಾದ ಆ ಪೋಸ್ಟ್‌ಕಾರ್ಡ್ ನೆನಪಾಗಿ ಕಾರಿನ ಕೆಳಗೆ ಮಲಗಿದ್ದಲ್ಲೇ ಅತ್ತುಬಿಟ್ಟೆ. ಇವರು ಗಾಬರಿಯಾಗಿ, "ಆಯ್ತು ಮಾರಾಯ್ತಿ, ಪೋಸ್ಟ್‌ಕಾರ್ಡೇ!" ಅಂದರು. ಎಂಜಿನ್ ಜೋರು ತಿರುಗಿದಾಗ ಬಲಗಡೆ ಚಕ್ರ ಹಗುರಾಗುತ್ತದೆ, ಅದನ್ನೇ ಮೊದಲು ಒತ್ತಬೇಕು ಅಂತ ಆಮೇಲೆ ಸಮಾಧಾನವಾಗಿ ವಿವರಿಸಿದೆ. ಮುಂದಿನ ಶಾಕ್ ಸಡಿಲ, ಮೂತಿ ಏಳಲಿ, ಭಾರ ಹಿಂದಕ್ಕೆ ಬರಲಿ. ಗೋದಾಮಿನ ಹಿಂದಿನ ಖಾಲಿ ರಸ್ತೆಯಲ್ಲಿ ಓಡಿಸಿ, ಇಳಿದು, ಟೈರಿನ ಕಪ್ಪು ಗುರುತು ನೋಡಿದೆವು. ನೀನು ಓದಲು ಕಲಿಸಿದ ಹಾಗೆ: ಚುಕ್ಕೆ ಚುಕ್ಕೆಯಾದರೆ ಚಕ್ರ ಕುಣಿದಿದೆ, ಒಂದೇ ಗೆರೆಯಾದರೆ ಕಚ್ಚಿದೆ. ಒಂದೇ ಗೆರೆ ಅಪ್ಪ! ಎರಡು ಕಡೆಯೂ, ಹೆಂಚಿನ ಮೇಲೆ ಎಳೆದ ಮಸಿಯ ಹಾಗೆ!

ನಿನ್ನೆ ಓಟ. ಚಾಂಪಿಯನ್ ನಮ್ಮ ಕಾರಿನ ಕೆಳಗೆ ಬಗ್ಗಿ ನೋಡಿ, "ಏನಮ್ಮ, ಕಬ್ಬಿಣದ ಪಟ್ಟಿ ಕಟ್ಟಿದ್ದೀರಿ? ಇದೇನು ಸಾಮಾನು ಸಾಗಿಸೋ ಲಾರಿನಾ?" ಅಂದ.

"ಹೌದು ಸರ್. ವಾಪಸ್ ಬರ್ತಾ ನಿಮ್ಮನ್ನ ಎಳ್ಕೊಂಡು ಬರೋಣ ಅಂತ."

ಸುತ್ತ ಇದ್ದವರು ಹೋ ಅಂದರು. ಅದೇ ಸಮಯ ಅಂತ ಎಲ್ಲರ ಎದುರು ಹೇಳಿದೆ: ನಾವು ಗೆದ್ದರೆ ಬೇಸಿನ್ ಮೇಲಿನ ಚೌಕಟ್ಟನ್ನು ನೀವೇ ನಿಮ್ಮ ಕೈಯಾರೆ ಇಳಿಸಿ, ಜೋರಾಗಿ ಓದಿ, ನಮಗೆ ಕೊಡಬೇಕು. ಅವನಿಗೆ ನಗು. "ಸೋತರೆ ನಿನ್ನ ಗಂಡನೂ ಅಂಥದೇ ಒಂದು ಬರೆದುಕೊಡಬೇಕು. ಪಕ್ಕಪಕ್ಕ ತೂಗು ಹಾಕ್ತೀನಿ. ಜೋಡಿ ಚೆನ್ನಾಗಿರುತ್ತೆ." ನನ್ನ ಸೇಡಿಗೆ ಇವರ ಹೆಸರನ್ನು ಒತ್ತೆ ಇಟ್ಟುಬಿಟ್ಟೆನಲ್ಲ! ಇವರು ಮಾತ್ರ ಹೆಲ್ಮೆಟ್ ಹಾಕಿಕೊಳ್ಳುತ್ತ, "ಆಗ್ಲಿ ಬಿಡಿ ಸರ್" ಅಂದರು, ಪಕ್ಕದ ಮನೆಯವರು ಏಣಿ ಕೇಳಿದರೆ ಹೇಳುವಂತೆ.

ಹಸಿರು ದೀಪ ಬಿತ್ತು. ಒಂಬತ್ತು ವರ್ಷದಲ್ಲಿ ಅವನು ಕಾರು ಬದಲಿಸಿದ್ದ, ಬುದ್ಧಿ ಬದಲಿಸಿರಲಿಲ್ಲ. ಅದೇ ತಗ್ಗು ಹಿಂಭಾಗ, ಅದೇ ಗಟ್ಟಿ ಸ್ಪ್ರಿಂಗ್. ಅವನ ಚಕ್ರ ಧಡ್ ಧಡ್ ಧಡ್ ಎಂದು ನೆಲ ಬಡಿಯಿತು. ನಮ್ಮದು ಮೂತಿ ಎತ್ತಿತು, ಹಿಂದೆ ಕೂತಿತು, ಹೋಯಿತು. ಅಷ್ಟೇ. ಕೊನೆಯಲ್ಲಿ ಅವನು ಹತ್ತಿರ ಬಂದ, ಆದರೂ ಒಂದು ಬಾನೆಟ್ಟಿನಷ್ಟು ನಾವೇ ಮುಂದೆ. ನಾನು ಓಟ ಶುರುವಾದ ಗೆರೆಯ ಹತ್ತಿರ ಹೋಗಿ ಅವನ ಟೈರಿನ ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿದೆ. ಹನ್ನೊಂದು. ಇಷ್ಟು ಖುಷಿ ನನಗೆ ಮದುವೆ ದಿನವೂ ಆಗಿರಲಿಲ್ಲ, ಇವರಿಗೆ ಹೇಳಬೇಡ.

ಚಾಂಪಿಯನ್ ಕುರ್ಚಿ ಹತ್ತಿ, ಇವರ ಸ್ಕ್ರೂಡ್ರೈವರಿನಿಂದಲೇ ಚೌಕಟ್ಟು ಬಿಚ್ಚಿದ. ಕುರ್ಚಿಯ ಮೇಲೆ ನಿಂತೇ ಇಂಗ್ಲಿಷಿನಲ್ಲಿ ಓದತೊಡಗಿದ. ಎರಡನೇ ಸಾಲು ಮುಗಿಯುವುದರೊಳಗೆ ನಾನು "ಸಾಕು, ನಿಲ್ಲಿಸಿ" ಅಂದೆ. ಇವರು ಆಶ್ಚರ್ಯದಿಂದ ನನ್ನ ಕಡೆ ನೋಡಿದರು. ಚಾಂಪಿಯನ್ ಕೆಳಗಿಳಿದು, ಕಾಗದ ಚಾಚಿ, "ಅಷ್ಟಕ್ಕೂ ಯಾರಮ್ಮ ನೀನು?" ಅಂದ.

"ಸೈಕಲ್ ಕೂಡ ಕೊಡಬಾರದು ಅಂದ್ರಲ್ಲ ಸರ್, ಆ ಕೈಯವರ ಮಗಳು. ಇವತ್ತು ನಿಮ್ಮನ್ನ ಸೋಲಿಸಿದ್ದೂ ಅದೇ ಕೈ."

ಅವನ ಮುಖ ನೀನು ನೋಡಬೇಕಿತ್ತು ಅಪ್ಪ. ನಾನು ನೋಡಿದೆ, ಇಬ್ಬರ ಪಾಲಿನದೂ ನೋಡಿದೆ. ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಬಂದು, "ನಿಮ್ಮಪ್ಪ ಈಗ್ಲೂ ಕೆಲಸ ಹಿಡೀತಾರಾ?" ಅಂತ ಕೇಳಿದರು. "ಅವರನ್ನೇ ಕೇಳಿ" ಅಂದು ನಂಬರ್ ಕೊಟ್ಟಿದ್ದೇನೆ. ಫೋನ್ ಬಂದರೆ ಅಮ್ಮನ ಕೈಗೆ ಕೊಡಬೇಡ!

ಅಮ್ಮನಿಗೆ ನನ್ನ ಪ್ರೀತಿ. ಇವರೂ ಅತ್ತೆಯೂ ನಮಸ್ಕಾರ ತಿಳಿಸಿದ್ದಾರೆ. ನಮ್ಮಿಬ್ಬರನ್ನೂ ಹರಸು, ಕಾರನ್ನೂ ಸೇರಿಸಿ.

ನಿನ್ನ ಬಾಯಿಬಡುಕಿ ಮಗಳು

ತಾ.ಕ.: ಯಾಕೆ ನಿಲ್ಲಿಸಿದೆ ಅಂತ ಇವರು ಇನ್ನೂ ಕೇಳುತ್ತಿದ್ದಾರೆ. ಮೊದಲು ನಿನಗೆ ಹೇಳಬೇಕು. ಅವನಿಗೆ ಕಾಗದ ಇಂಗ್ಲಿಷಿನಲ್ಲೇ ಬೇಕಿತ್ತು, ನಿನಗೆ ಇಂಗ್ಲಿಷ್ ಬಾರದು, ನನ್ನನ್ನು ಕೂರಿಸಿ ಬರೆಸಿದೆ. "ಆಕ್ಸಲ್ ಮುರಿದಿದ್ದಕ್ಕೆ ಬೇಜಾರಾಗಿದೆ ಅಂತ ಬರಿ ಪುಟ್ಟಿ. ತಪ್ಪು ನಂದು ಅಂತ ಮಾತ್ರ ಬರೀಬೇಡ" ಅಂದೆ. ನನಗೆ ಹದಿನಾಲ್ಕು. ಆ ವಾರವಷ್ಟೇ ಶಾಲೆಯಲ್ಲಿ ಕ್ಷಮಾಪಣೆ ಪತ್ರ ಕಲಿಸಿದ್ದರು. ನೀನು ಹೇಳಿದ ಒಂದು ಸಾಲು ತೀರಾ ಬೋಳಾಗಿ ಕಂಡಿತು. ಪುಸ್ತಕದಲ್ಲಿದ್ದ ಹಾಗೆ "ಇದೆಲ್ಲ ನನ್ನ ಘೋರ ಅಜ್ಞಾನ ಮತ್ತು ನಿರ್ಲಕ್ಷ್ಯದಿಂದ ಆದದ್ದು" ಎಂದು ಸೇರಿಸಿದೆ. "ಇಷ್ಟುದ್ದ ಏನಮ್ಮ ಬರೆದೆ?" ಅಂದೆ ನೀನು. "ನೀನು ಹೇಳಿದ್ದೇ ಅಪ್ಪ, ಇಂಗ್ಲಿಷಲ್ಲಿ ಉದ್ದ ಆಗುತ್ತೆ" ಅಂದೆ. ನೀನು ನನ್ನ ದುಂಡು ಅಕ್ಷರ ನೋಡಿ ಹಿಗ್ಗಿ ಸಹಿ ಹಾಕಿದೆ. ಅವನು ಊರೆಲ್ಲ ತೋರಿಸಿದ್ದು ಆ ಸಾಲನ್ನೇ. ಅವನ ಮೇಲೆ ಒಂಬತ್ತು ವರ್ಷ ಹಲ್ಲು ಕಡಿದೆ, ನಿನ್ನ ಮುಂದೆ ಒಂದು ಸಲವೂ ಬಾಯಿ ಬಿಡಲಿಲ್ಲ. ಕಾಗದ ತರುತ್ತಿದ್ದೇನೆ. ಕನ್ನಡಕ ಮರೆಯದೆ ಸ್ಟೇಷನ್ನಿಗೆ ಬಾ. ಪ್ಲಾಟ್‌ಫಾರಂ ಬೆಂಚಿನ ಮೇಲೆಯೇ ಪೂರ್ತಿ ಓದಿ ಅರ್ಥ ಹೇಳುತ್ತೇನೆ, ಈ ಸಲ ಒಂದು ಪದವನ್ನೂ ನುಂಗುವುದಿಲ್ಲ. ಆಮೇಲೆ ಮನೆಗೆ ಕರೆದುಕೊಂಡು ಹೋಗುವುದೋ ವಾಪಸ್ ಹತ್ತಿಸುವುದೋ ನಿನಗೆ ಬಿಟ್ಟದ್ದು. ಬರುವ ಭಾನುವಾರ, ಬೆಳಿಗ್ಗೆ ಏಳೂಕಾಲರ ಪ್ಯಾಸೆಂಜರ್, ಹಿಂದಿನಿಂದ ಎರಡನೇ ಬೋಗಿ.