ಖಾರ ಹಚ್ಚಿದ ಕೈ

ಅಪ್ಪಾ,

ನಿನ್ನ ನಾಯಿ ಇನ್ನೂ ಬದುಕಿದ್ದಾನೆ. ನೀನು ಕ್ಷೇಮವೇ ಎಂದು ಕೇಳುವ ಹಾಗಿಲ್ಲ. ನಾವು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಅದಕ್ಕೇ ಕೆಂಚನಿಂದ ಶುರು ಮಾಡುತ್ತೇನೆ. ನಿನಗೂ ಮೊದಲಿನಿಂದ ನನಗಿಂತ ಅವನ ಸುದ್ದಿಯೇ ಬೇಕಾಗಿತ್ತಲ್ಲ?

ಅವನನ್ನು ಮನೆಗೆ ತಂದ ದಿನ ನೆನಪಿದೆಯೇ? ಅಂಗಿಯೊಳಗೆ ಇಟ್ಟುಕೊಂಡು ಸೈಕಲ್ ಮೇಲೆ ಬಂದಿದ್ದೆ. "ತಗೋಲೇ, ನಿನಗಂತ ತಂದೀನಿ" ಎಂದೆ. ಬಿಳೀ ಮರಿ. ನನ್ನ ಪಕ್ಕದಲ್ಲೇ ಮಲಗುತ್ತಿತ್ತು, ನನ್ನ ಬೆರಳು ಚೀಪುತ್ತಿತ್ತು. ಹಲ್ಲು ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಅದನ್ನು ನೀನು ವಾಚ್‌ಮನ್ ಆಗಿದ್ದ ಸಂಡೂರು ರಸ್ತೆಯ ಅದಿರಿನ ಪ್ಲಾಟಿಗೆ ಒಯ್ದು ಸರಪಳಿ ಹಾಕಿದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೆಂಪು ಧೂಳು ಮೆತ್ತಿಕೊಂಡು ಬಿಳಿ ಬಣ್ಣ ಹೋಯಿತು. ಲಾರಿ ಡ್ರೈವರ್‌ಗಳು ಕೆಂಚ ಎಂದು ಕರೆದರು. ನಾನು ಇಟ್ಟಿದ್ದ ಹೆಸರು ನನಗೇ ಮರೆತುಹೋಗಿದೆ.

ಮೆಣಸಿನಪುಡಿ ಕಲಸಿದ ಅನ್ನದ ಮುದ್ದೆಯನ್ನು ನನ್ನ ಅಂಗೈಯಲ್ಲಿ ಇಟ್ಟ ದಿನ ಮಾತ್ರ ಮರೆತಿಲ್ಲ. ಪ್ಲಾಟಿನಲ್ಲಿ ಮೊದಲಿದ್ದ ನಾಯಿಗೆ ಡೀಸೆಲ್ ಕಳ್ಳರು ವಿಷ ಹಾಕಿದ ಮಾಂಸ ಎಸೆದು ಕೊಂದಿದ್ದರು. ಇವನಿಗೆ ಹಾಗಾಗಬಾರದು, ನಿನ್ನ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ತಿನ್ನಬಾರದು ಎಂಬುದು ನಿನ್ನ ಲೆಕ್ಕ. ಲೆಕ್ಕ ಸರಿಯೇ ಇತ್ತು ಎಂದು ಒಪ್ಪುತ್ತೇನೆ. ಆದರೆ ಆ ಕಲಿಕೆಗೆ ನನ್ನ ಕೈಯೇ ಯಾಕೆ ಬೇಕಾಯಿತು? "ಅಂವ ಭಾಳ ನಂಬಾದು ನಿನ್ನ. ನಿನ್ನ ಕೈಯಾಗಿಂದನ ಬಿಟ್ಟ ಅಂದ್ರ ಎಲ್ಲಾರ ಕೈಯಾಗಿಂದೂ ಬಿಡ್ತಾನ" ಎಂದೆ. ಮರಿ ಬಾಲ ಅಲ್ಲಾಡಿಸುತ್ತ ಓಡಿ ಬಂದು ನನ್ನ ಕೈಗೆ ಬಾಯಿ ಹಾಕಿತು. ಆಮೇಲೆ ಅದು ನೆಲಕ್ಕೆ ಮೂತಿ ಉಜ್ಜಿದ್ದು, ಕೂಗಿದ್ದು... ಮೇಲಿಂದ ಮೇಲೆ ಅದೇ ಮಾಡಿಸಿದೆ. ಕೊನೆಗೆ ನನ್ನನ್ನು ಕಂಡರೆ ಹಲ್ಲು ಕಿರಿಯತೊಡಗಿದ. ನೀನು ನನ್ನ ಬೆನ್ನು ತಟ್ಟಿದೆ.

ಚಹಾದಂಗಡಿಯ ಮುಂದೆ ನೀನು ಆ ಆಟ ತೋರಿಸುತ್ತಿದ್ದುದೂ ನೆನಪಿದೆ. ಲಾರಿಗಳು ಸಾಲಾಗಿ ನಿಂತಿರುತ್ತಿದ್ದವು. "ಸ್ವಂತ ಮಗನ ಕೈಯಾಗಿಂದೂ ತಿನ್ನಂಗಿಲ್ಲ ನೋಡ್ರಿ ನನ್ನ ನಾಯಿ" ಎಂದು ನನ್ನನ್ನು ಕರೆದು, ಕೈಗೆ ಮಟನ್ ಎಲುಬು ಕೊಟ್ಟು ಮುಂದೆ ತಳ್ಳುತ್ತಿದ್ದೆ. ಕೆಂಚ ಗುರ್ರೆನ್ನುತ್ತಿದ್ದ. ಡ್ರೈವರ್‌ಗಳು ನಗುತ್ತಿದ್ದರು. ಒಬ್ಬ ಕೇಳಿದ, "ಏನಪಾ ವಾಚ್‌ಮನ್, ನಾಯಿನ ಮಗನ್ನ ಮಾಡ್ಕಂಡಿ, ಮಗನ್ನ ಕಳ್ಳನ್ನ ಮಾಡ್ದೀ?" ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು. ಅದೇ ವರ್ಷ ನಾನು ಶಾಲೆ ಬಿಟ್ಟೆ. ನಾಯಿಯಿಂದ ಬಿಟ್ಟೆ ಎನ್ನುವುದಿಲ್ಲ, ಅದು ಸುಳ್ಳು. ಒಂದೇ ಕಡೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಪಂಚರ್ ಅಂಗಡಿ, ಹಂಪಿಯ ಗೆಸ್ಟ್‌ಹೌಸು, ಮರಿಯಮ್ಮನಹಳ್ಳಿಯ ಡಾಬಾ, ಎಲ್ಲಿಯೂ ನಿಲ್ಲಲಿಲ್ಲ. ಆದರೆ ನಿನ್ನ ನಾಯಿ ಹಲ್ಲು ಕಿರಿಯುವ ಪ್ಲಾಟಿನ ಕಡೆ ಮಾತ್ರ ನೀನಿರುವವರೆಗೆ ಮತ್ತೆ ಕಾಲಿಡಲಿಲ್ಲ.

ನೀನು ಕೆಮ್ಮಿ ಕೆಮ್ಮಿ ಹೋದ ಮೇಲೆ ಪ್ಲಾಟಿನಿಂದ ಮೊದಲು ಬಂದ ಫೋನು ನಿನ್ನ ವಿಷಯಕ್ಕಲ್ಲ. "ಹೊಸಾ ವಾಚ್‌ಮನ್‌ನ ಒಳಗ ಬಿಡವಲ್ದು. ನಿಮ್ಮ ನಾಯಿ ನೀವು ಒಯ್ರಿ, ಇಲ್ಲಾಂದ್ರ ಹೊಡದ ಹಾಕ್ತೀವಿ" ಎಂದರು. ಗೂಡ್ಸ್ ಆಟೋದಲ್ಲಿ ತಂದು ಹಿತ್ತಲಿನಲ್ಲಿ ಕಟ್ಟಿದೆವು. ಅವ್ವ ತಟ್ಟೆಯನ್ನು ಕೋಲಿನಿಂದ ದೂಡುತ್ತಿದ್ದಳು. ನಾವು ಮರೆಯಾದ ಮೇಲೆ ತಿನ್ನುತ್ತಿದ್ದ. ಹತ್ತಿರ ಹೋದವರ ಮೇಲೆ ಹಾರುತ್ತಿದ್ದ. ವರ್ಷದ ಮೇಲಾಯಿತು, ಯಾರೂ ಅವನನ್ನು ಮುಟ್ಟಿರಲಿಲ್ಲ.

ಈ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಲಿಗೆಮ್ಮತ್ತೆಯ ಮೊಮ್ಮಗ ಚೆಂಡು ಎತ್ತಿಕೊಳ್ಳಲು ಬಂದ. ಕೆಂಚ ಮಲಗಿದ್ದ. ಹುಡುಗನ ಕಾಲು ಬಾಲಕ್ಕೆ ತಾಗಿತು. ಎದ್ದವನೇ ಮುಂಗೈ ಕಚ್ಚಿ ಬಿಡಲೇ ಇಲ್ಲ. ಬಕೆಟ್ಟು ನೀರು ಸುರಿದು ಬಿಡಿಸಿ, ಹುಡುಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ನಿನ್ನನ್ನು ಬೈದೆ, ಅಪ್ಪಾ. ಇಂಜೆಕ್ಷನ್ ಕೊಡಿಸಿ ಬಂದಾಗ ಹುಲಿಗೆಮ್ಮತ್ತೆ ಬಾಗಿಲಲ್ಲೇ ನಿಂತಿದ್ದಳು.

"ಪಂಚಮಿಗೆ ನನ್ನ ಮಗಳ ಮಕ್ಕಳೆಲ್ಲಾ ಬರ್ತಾವ. ಅಷ್ಟರಾಗ ಈ ನಾಯಿ ಇರಬಾರ್ದು. ನಿನ್ನ ಕೈಗೂ ಬಗ್ಗದ ನಾಯಿನ ಯಾತಕ್ಕ ಇಟ್ಗಂಡೀಯೋ?"

"ಬಗ್ಗಿದ್ರ ಇರಬೌದಾ ಅತ್ತಿ?"

"ಬಗ್ಗಿಸು ಮೊದ್ಲು. ಬಗ್ಗಲಿಲ್ಲಂದ್ರ ವಿಷ ನಾನ ಹಾಕ್ತೀನಿ, ಪಾಪ ನನಗ ಬರ್ಲಿ."

ಅವ್ವ, "ಕಂಪ್ಲಿ ಕಡಿ ಒಯ್ದು ಹೊಳಿ ಆಚಿ ಬಿಟ್ಟು ಬಾರೋ" ಎಂದಳು. ಹೊಳೆಯ ಆಚೆ ಮಕ್ಕಳಿಲ್ಲವೇ ಎಂದು ಕೇಳಿದೆ.

ದನದ ದವಾಖಾನೆಗೆ ಅವನನ್ನು ಒಯ್ದ ದಿನ ನೀನು ನೋಡಬೇಕಿತ್ತು. ಗೋಣಿಚೀಲ ಹೊದಿಸಿ ಬಾಯಿಗೆ ಹಗ್ಗ ಬಿಗಿಯುವಷ್ಟರಲ್ಲಿ ನನ್ನ ಹೆಬ್ಬೆರಳು ಹರಿದಿತ್ತು. ಡಾಕ್ಟರು ಅವನ ಸೊಂಟದ ಮೇಲೆ ನೀರು ಸುರಿದರು. ಕೆಂಪು ನೀರು ಹರಿದು ಹೋಯಿತು. ಕೆಳಗೆ ಬಿಳಿ ಕೂದಲು ಕಳೆಗುಂದಿ, ಉದುರಿ, ಚರ್ಮ ಕಾಣುತ್ತಿತ್ತು. ಅವನಿಗೆ ವಯಸ್ಸಾಗಿದ್ದು ನಮಗೆ ಯಾರಿಗೂ ಕಂಡಿರಲಿಲ್ಲ, ಧೂಳು ಮುಚ್ಚಿಟ್ಟಿತ್ತು.

"ಇದು ಸೊಕ್ಕಲ್ಲಪ, ನೋವು" ಎಂದರು ಡಾಕ್ಟರು. "ಸೊಂಟದ ಕೀಲು ಸವದಾವ. ಕಣ್ಣಿಗೆ ಪೊರಿ ಬಂದೈತಿ. ನಿದ್ದಿಗಣ್ಣಾಗ ಯಾರರ ತುಳದ್ರ ನೀನಾದ್ರೂ ಏನ್ ಮಾಡ್ತಿ? ಸಪ್ಪಳ ಮಾಡಿ ಹೋಗು. ಹಿಂದಿನಿಂದ ಹೋಗಬ್ಯಾಡ. ಮಲಗಿದ್ದಾಗ ಮುಟ್ಟಬ್ಯಾಡ, ಬಡಿಯಾದಂತೂ ಬ್ಯಾಡ. ದಿನಾ ಗುಳಿಗಿ ಹಾಕು."

"ಹೆಂಗ ಹಾಕ್ಲಿ ಸರ್? ತಟ್ಟ್ಯಾಗ ಹಾಕಿದ್ರ ಗುಳಿಗಿ ಬಿಟ್ಟು ತಿಂತಾನ. ನನ್ನ ಕೈಯಾಗಿಂದ ತಿನ್ನಂಗಿಲ್ಲ."

ಯಾಕೆ ಎಂದು ಕೇಳಿದರು. ಇದ್ದದ್ದು ಇದ್ದಹಾಗೆ ಹೇಳಿದೆ. ನನ್ನ ಹರಿದ ಹೆಬ್ಬೆರಳನ್ನು ಹಿಡಿದು ನೋಡಿದರು. "ಹಂಗಾರ ಮೊದ್ಲು ನಿನ್ನ ಕೈಗೆ ಔಷಧ ಆಗಬೇಕಲ್ಲೋ" ಎಂದರು.

ಅವತ್ತು ಸಂಜೆ ಅವ್ವ ಟ್ರಂಕಿನಿಂದ ನಿನ್ನ ಖಾಕಿ ಅಂಗಿ ತೆಗೆದು ತಂದಳು. "ಇದನ್ನ ಹಾಕ್ಕಂಡು ಹೋಗು. ವಾಸನಿಗೆ ನಿಮ್ಮಪ್ಪನ ಬಂದಾನಂತ ತಿಂತಾನ." ನಾನು ಒಲ್ಲೆ ಎಂದೆ. ಒಂದು ಸಲ ನನ್ನ ಕೈಯಿಂದ ಆ ಪ್ರಾಣಿಗೆ ಮೋಸವಾಗಿದ್ದು ಸಾಕು. ತಿಂದರೆ ನನ್ನದೆಂದು ಗೊತ್ತಿದ್ದೇ ತಿನ್ನಲಿ. "ನಿಮ್ಮಪ್ಪನ ಹಠನ ಬಂದೈತಿ ನಿನಗ" ಎಂದು ಅವ್ವ ಅಂಗಿಯನ್ನು ಮಡಿಚಿಟ್ಟಳು. ಅದು ಬೈಗುಳವೋ ಹೊಗಳಿಕೆಯೋ, ನಾನು ಕೇಳಲಿಲ್ಲ.

ಕೈ ಮೂಸಿ ನೋಡಿಕೊಂಡಾಗ ಇನ್ನೊಂದು ಹೊಳೆಯಿತು. ದಿನಾ ಮಿರ್ಚಿ ಮಂಡಕ್ಕಿ ತಿನ್ನುವವನು ನಾನು. ನನ್ನ ಬೆರಳಿನಿಂದ ಖಾರ ಹೋಗಿದ್ದೇ ಯಾವಾಗ? ಮಿರ್ಚಿ ಬಿಟ್ಟೆ. ಚಟ್ನಿಪುಡಿ ಬಿಟ್ಟೆ. ಅವ್ವ ಬೇರೆ ಪಲ್ಯ ಮಾಡಬೇಕಾಯಿತು. "ಬಾಣಂತಿ ಊಟ ಉಣ್ಣಾಕ ಹತ್ತೀಯಲ್ಲೋ ಯಪ್ಪಾ, ಕೂಸು ಎಲ್ಲೈತಿ?" ಎಂದು ಹುಲಿಗೆಮ್ಮತ್ತೆ ಗೋಡೆಯ ಆಚೆಯಿಂದ ಕೂಗಿದಳು. ಸರಪಳಿಗೆ ಕಟ್ಟೈತಿ ನೋಡತ್ತಿ ಎಂದೆ.

ದಿನಾ ಬಕೆಟ್ಟು ಬಡಿದು ಸಪ್ಪಳ ಮಾಡಿ ಹೋಗುತ್ತಿದ್ದೆ. ಸರಪಳಿ ಮುಟ್ಟದಷ್ಟು ದೂರದಲ್ಲಿ, ಅವನಿಗೆ ಮುಖ ಕೊಡದೆ ಪಕ್ಕಕ್ಕೆ ತಿರುಗಿ ಕೂರುತ್ತಿದ್ದೆ. ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ಅರ್ಧ ನಾನು ತಿನ್ನುತ್ತಿದ್ದೆ, ಇನ್ನರ್ಧ ನಡುವೆ ಇಡುತ್ತಿದ್ದೆ. ನಾನು ತಿಂದದ್ದೇ ನಿನಗೂ, ನೋಡಿಕೋ ಎಂದು ಅವನಿಗೆ ಹೇಳುತ್ತಿದ್ದೆ. ಮೊದಮೊದಲು ಬೊಗಳಿದ. ಆಮೇಲೆ ನಾನು ಎದ್ದು ಹೋದ ಮೇಲೆ ತಿಂದ. ಆಮೇಲೆ ನಾನು ಕೂತಿರುವಾಗಲೇ ತಿಂದ. ಒಂದೇ ಜಾಗದಲ್ಲಿ ಅಷ್ಟು ದಿನ ನಾನು ಹಿಂದೆಂದೂ ಕೂತಿರಲಿಲ್ಲ. ನನ್ನ ಮೇಷ್ಟ್ರು ಕಂಡಿದ್ದರೆ ನಂಬುತ್ತಿರಲಿಲ್ಲ.

ಪಂಚಮಿ ಹತ್ತಿರ ಬಂದಿತ್ತು. ಗೋಡೆಯಾಚೆ ಜೋಕಾಲಿಗೆ ಹಗ್ಗ ಕಟ್ಟುತ್ತಿದ್ದರು. ಬೆಲ್ಲ ಹಚ್ಚಿದ ರೊಟ್ಟಿಯಲ್ಲಿ ಗುಳಿಗೆ ಸುತ್ತಿ ಅಂಗೈ ಚಾಚಿದೆ. ಹೆದರಿಕೆಯಾಗಿತ್ತು. ಕೆಂಚ ಮೂಸಿದ. ಹಿಂದೆ ಸರಿದ. ಮತ್ತೆ ಬಂದು ಮೂಸಿದ. ಗಂಟಲಿನಲ್ಲಿ ಗುರುಗುಡುತ್ತಲೇ ತುಟಿಯಿಂದ ಎತ್ತಿಕೊಂಡ. ಹಲ್ಲು ತಾಗಲಿಲ್ಲ.

ಗೋಡೆಯ ಮೇಲೆ ಹುಲಿಗೆಮ್ಮತ್ತೆಯ ತಲೆ ಇತ್ತು. "ತಿಂದ್ನಾ?"

"ತಿಂದ."

"ಗುರ್ ಅಂತಾನಲ್ಲೋ ಮತ್ತ?"

"ಅನ್ಲಿ ಬಿಡತ್ತಿ. ತಿಂದಾನಲ್ಲ."

ಪಂಚಮಿಗೆ ಅವನ ಬಾಯಿಗೆ ಜಾಳಿಗೆ ಹಾಕಿದ್ದೆ, ಸುತ್ತ ತಂತಿಬೇಲಿ ಕಟ್ಟಿದ್ದೆ. ಮಕ್ಕಳು ಜೀಕಿದರು. ಹುಲಿಗೆಮ್ಮತ್ತೆ ವಿಷದ ಮಾತು ಎತ್ತಲಿಲ್ಲ. ಕೆಂಚ ಸಾಧುವಾದ ಎಂದು ಬರೆಯಲಾರೆ. ಆಗಿಲ್ಲ. ಬೇಲಿ ತೆಗೆಯುವುದಿಲ್ಲ.

ನಿನಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ. ಮೊನ್ನೆ ಪ್ಲಾಟಿನ ಮೇಸ್ತ್ರಿ ಬಂದಿದ್ದ. ಹೊಸ ಮರಿ ತಂದಿದ್ದಾರಂತೆ. "ನಿಮ್ಮಪ್ಪ ಏನೋ ಮಸ್ತ್ ಗುಟ್ಟು ಇಟ್ಗಂಡಿದ್ದ. ಬಂದು ಕಲಿಸ್ತಿಯೇನಲೇ? ಕೆಲಸಾನೂ ಕೊಡಸ್ತೀನಿ" ಎಂದ.

"ಗುಟ್ಟೇನಿಲ್ರಿ" ಎಂದೆ. "ಮರಿ ಯಾರನ್ನ ಭಾಳ ನಂಬತೈತೋ ಅಂಥ ಒಂದು ಹುಡುಗನ ಕೈ ಬೇಕು, ಅಷ್ಟ. ನಿಮಗ ಮಗ ಅದಾನೇನ್ರಿ?"

ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಹೋದ ವರ್ಷ ಹಿರಿಯರ ಪೂಜೆಯ ಮಹಾನವಮಿ ಅಮಾವಾಸ್ಯೆಗೆ ನಿನಗೆ ಎಡೆ ಇಡು ಎಂದು ಅವ್ವ ಅಂದಾಗ ನಾನು ಎದ್ದು ಹೊರಗೆ ಹೋಗಿದ್ದೆ. ಅವಳೇ ಇಟ್ಟಳು. ಈ ವರ್ಷ ನಾನು ಇಡುತ್ತೇನೆ. ಸಿಟ್ಟು ಹೋಗಿದೆ ಎಂದಲ್ಲ, ಹೋಗಿಲ್ಲ. ಹೋಳಿಗೆ ಇರುತ್ತದೆ, ನಿನಗೆ ಇಷ್ಟವೆಂದು ಮಿರ್ಚಿಯೂ ಇರುತ್ತದೆ. ನಿನ್ನ ಫೋಟೋದ ಮುಂದೆ ಕೂತು, ನಿನ್ನ ಕಣ್ಣೆದುರೇ ಅರ್ಧ ನಾನು ತಿಂದು ತೋರಿಸುತ್ತೇನೆ. ಇನ್ನರ್ಧ ನಿನಗೆ. ನನ್ನ ಕೈಯಿಂದ ತಿನ್ನಲು ಮನಸ್ಸಿಲ್ಲದಿದ್ದರೆ ಗುರುಗುಡು, ಅಪ್ಪಾ. ಆದರೆ ತಿನ್ನು.

ನಿನ್ನ ಮಗ