ಮಳೆ ಮೇಲೆ ದೂರು

ಚಳ್ಳಕೆರೆ
19-6-1998, ಶುಕ್ರವಾರ

ಪ್ರೀತಿಯ ತಮ್ಮ ಮಲ್ಲಿಕ್‌ಗೆ ನಿನ್ನ ಅಕ್ಕನ ಆಶೀರ್ವಾದ.

ಹೆಂಗಿದೀಯಪ್ಪಾ? ಗಂಗಾಂಬಿಕಾಗೆ ಕೆಮ್ಮು ಕಮ್ಮಿ ಆತಾ? ಆ ಮಳೆ ಊರಿನ ಥಂಡಿಗೆ ಮಾತ್ರೆ ನುಂಗಿದ್ರೆ ಆಗಲ್ಲ, ಮೆಣಸಿನ ಕಷಾಯ ಕುಡಿಸು, ಮುಖ ಸಿಂಡರಿಸಿದ್ರೂ ಬಿಡಬ್ಯಾಡ. ನೀನೂ ಒದ್ದೆ ಬನೀನು ಹಾಕ್ಕೊಂಡು ಆಫೀಸಿಗೆ ಓಡ್ತೀಯಂತೆ, ನಿನ್ನ ಹೆಂಡ್ತೀನೇ ಹೇಳಿದ್ಲು. ನಾವು ಚೆನ್ನಾಗಿದೀವಿ ಅಂತ ಬರೀಬೇಕು, ಬರೆದಿದೀನಿ ಅನ್ಕೋ. ನಿಜ ಹೇಳ್ಬೇಕು ಅಂದ್ರೆ ಮಂಗಳವಾರದಿಂದ ಈ ಮನೇಲಿ ಯಾರಿಗೂ ಒಂದು ತುತ್ತು ನೆಟ್ಟಗೆ ಇಳಿದಿಲ್ಲ. ನಿಮ್ಮ ಭಾವ ಜಗುಲಿಯಿಂದ ಗೇಟಿಗೆ, ಗೇಟಿಂದ ಜಗುಲಿಗೆ ಅಡ್ಡಾಡ್ತಾನೇ ಅವ್ರೆ. ನಾನು ಒಲೆ ಮೇಲೆ ಹಾಲಿಟ್ಟು ಮರೆತು ಎರಡು ಸಲ ಉಕ್ಕಿಸಿದೀನಿ. ವಿಷಯ ನಿನ್ನ ಆಫೀಸಿಂದೇ. ಯೂನಿವರ್ಸಿಟಿ ಪರೀಕ್ಷಾ ವಿಭಾಗದಾಗೆ ತಮ್ಮ ಅವ್ನೆ ಅಂತ ಇಷ್ಟು ವರ್ಷ ಬರೀ ಹೇಳ್ಕೊಂಡು ತಿರುಗಿದ್ದಾಯ್ತು, ಇವತ್ತು ಕೇಳೋ ಹೊತ್ತು ಬಂದೈತೆ.

ಹೋದ ವರ್ಷದ ಗಲಾಟೆ ನಿಂಗೆ ನೆನಪೈತಲ್ಲ. ನಿಮ್ಮಲ್ಲಿ ಜಡಿಮಳೆ ಹಿಡೀತು ಅಂತ ಎಲ್ಲಾ ಕಾಲೇಜಿನ ಪರೀಕ್ಷೆನೂ ಮುಂದಕ್ಕೆ ಹಾಕಿದ್ರಿ. ಇಲ್ಲಿ ರೋಡಿನ ಟಾರು ಕರಗಿ ಚಪ್ಪಲಿಗೆ ಅಂಟ್ತಿತ್ತು! ತಲೆ ಮೇಲೆ ಟವೆಲ್ ಹಾಕ್ಕೊಂಡು ಬಂದ ಹುಡುಗ್ರು "ಎಲ್ಲಿ ಸಾರ್ ಮಳೆ?" ಅಂತ ಆಕಾಶ ನೋಡಿ ಕೇಳಿದ್ರು. ಪ್ರಿನ್ಸಿಪಾಲ್ ಕುರ್ಚೀಲಿ ಕೂತ ನಿಮ್ಮ ಭಾವನಿಗೆ ರೇಗಿಹೋಗಿ, ನಿಮ್ಮೂರಿನ ಮಳೆಗೆ ನಮ್ಮೂರಿನ ಮಕ್ಕಳನ್ನ ಯಾಕ್ರೀ ಮನೆಗೆ ಕಳಿಸ್ತೀರಿ ಅಂತ ಉದ್ದಕ್ಕೆ ಬರೆದು ಹಾಕಿದ್ರು. ಆಫೀಸ್ನಾಗೆ ಎಲ್ರೂ ಓದಿ ನಕ್ಕರು ಅಂತ ನೀನೇ ಹೇಳಿದ್ದೆ. ನಕ್ಕರೋ ಬಿಟ್ಟರೋ, ಈ ವರ್ಷ ರೂಲು ಬದಲಾಯ್ತು. ಆಯಾ ಊರಿನ ಮಳೆ ಆಯಾ ಪ್ರಿನ್ಸಿಪಾಲರೇ ನೋಡ್ಕೋಬೇಕು. ದಾರಿ ಕಟ್ಟಾದ್ರೆ ಪರೀಕ್ಷೆ ಗಂಟೆ ಹೊಡೆಯೋ ಒಳಗೆ ಯೂನಿವರ್ಸಿಟಿಗೆ ಫೋನ್ ಮಾಡಬೇಕು, ಆಗ ಆ ಕಾಲೇಜಿಗೆ ಮಾತ್ರ ಇನ್ನೊಂದು ದಿನ ಕೊಡ್ತಾರೆ. ಫೋನ್ ಮಾಡದೇ ಹೋದ್ರೆ ಒಂದು ವಾರದೊಳಗೆ ಪ್ರಿನ್ಸಿಪಾಲರೇ ಕಾರಣ ಬರೆದು ಕಳಿಸಬೇಕು, ಒಪ್ಪಿದ್ರೆ ಬರಲಾಗದವರಿಗೆ ಮತ್ತೆ ಪೇಪರ್ ಕೊಡ್ತಾರೆ. ತಾವೇ ಜಗಳ ಆಡಿ ತಂದ ರೂಲು ಅಂತ ಇವ್ರು ಊರೆಲ್ಲಾ ಹೇಳ್ಕೊಂಡು ಬಂದಿದ್ರು.

ಈಗ ಕೇಳು. ಸೋಮವಾರ ಸಂಜೆ ಮಳೆ ಬಂತು ಮಲ್ಲಿ! ಎಂಥಾ ಮಳೆ ಅಂತೀಯ! ಮೊದಲ ಹನಿ ಬಿದ್ದಾಗ ಮಣ್ಣು ಘಮ್ ಅಂದಿದ್ದಕ್ಕೆ ನಂಗೆ ಅಳು ಬಂತು. ನಮ್ಮ ಕಡೆ ರೂಢಿ ನಿಂಗೆ ಮರೆತೇ ಹೋಗಿರ್ತೈತೆ, ಅಲ್ಲಿ ದಿನಾ ಮಳೆಗೆ ಬೈಕೊಂಡು ಕೂತಿರ್ತೀಯ. ವರ್ಷದ ಮೊದಲ ಮಳೆಗೆ ಯಾರೂ ಬಾಗಿಲು ಹಾಕಂಗಿಲ್ಲ, ಸಾಕು ಅನ್ನಂಗಿಲ್ಲ, ಮನೆ ಸೋರಿದ್ರೆ ಪಾತ್ರೆ ಇಟ್ಟು ಸುಮ್ಮನಿರಬೇಕು. ಥೂ ಮಳೆ ಅಂದಿದ್ದಕ್ಕೆ ಅವ್ವ ನಿನ್ನ ತೊಡೆ ಚಿವುಟಿದ್ಲಲ್ಲ. ಬಂದ ಮಳೆ ಮನಸ್ಸು ಮುರ್ಕೊಂಡು ಹೋಗ್ತೈತೆ ಅಂತಿದ್ಲು. ನಾನೂ ಬಾಗಿಲು ತೆಗೆದಿಟ್ಟೆ. ನಡುಮನೆ ತುಂಬಾ ನೀರು, ನಿಮ್ಮ ಭಾವ ಪಂಚೆ ಎತ್ತಿ ಕಟ್ಕೊಂಡು ಅದ್ರಾಗೇ ನಿಂತು ನಗ್ತಿದ್ರು. ಬೆಳಗಾದ್ರೂ ಬಿಡ್ಲಿಲ್ಲ. ಅಕ್ಕಪಕ್ಕದವರೆಲ್ಲಾ ಪಾಯಸಕ್ಕೆ ಇಟ್ರು, ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನೋರು ಬಜಾರ್ನಾಗೆ ಬೆಲ್ಲ ಹಂಚಿದ್ರು.

ಮಂಗಳವಾರ ಡಿಗ್ರಿಯ ಕಡೇ ಪೇಪರು, ಅರ್ಥಶಾಸ್ತ್ರ. ಇವ್ರು ಒದ್ದೆ ಬಟ್ಟೇಲೇ ಕಾಲೇಜಿಗೆ ಹೋದ್ರು. ಇಂಗ್ಲಿಷ್ ಪಾಠ ಮಾಡೋ ಜಯಕ್ಕ ಬಂದು, ಸಾರ್, ಕೊಂಡ್ಲಹಳ್ಳಿ ಕಡೆ ಹಳ್ಳ ಬಂದೈತಂತೆ, ಬಸ್ಸು ಆಚೆನೇ ನಿಂತಾವೆ, ಬೇಗ ಫೋನ್ ಮಾಡ್ರಿ ಅಂದಿದಾಳೆ. ಅದಕ್ಕೆ ಇವ್ರು "ಬಂದ ಮಳೆನ ತೊಂದರೆ ಅಂತ ನನ್ನ ಬಾಯಿಂದ ಹೇಳಿದ್ರೆ ಬಾಯಿಗೆ ಹುಳ ಬೀಳಲ್ವಾ? ಹಳ್ಳ ಬಂದ್ರೆ ಇಳೀತೈತೆ, ಮಕ್ಕಳು ಬರ್ತಾರೆ" ಅಂದ್ರಂತೆ. ಫೋನು ಕೈಯಳತೇಲೇ ಇತ್ತು. ಗಂಟೆ ಹೊಡೆಸಿ ಪರೀಕ್ಷೆ ಮಾಡಿಸಿಬಿಟ್ರು. ಹಳ್ಳ ಇಳೀಲಿಲ್ಲ.

ಆ ಕಡೆಯಿಂದ ಬರೋ ಹುಡುಗ್ರು ಮಾರನೇ ದಿನ ಬಂದು, ಅಕ್ಟೋಬರ್ನಾಗೆ ಕಟ್ತೀವಿ ಬಿಡ್ರಿ ಅಂತ ನಕ್ಕೊಂಡು ಹೋದ್ರು. ನಂಗೆ ಹೊಟ್ಟೆ ಉರೀತಿರೋದು ರೂಪಂದು. ನಮ್ಮ ಮನೆ ಹಿಂದಿನ ರೂಮ್ನಾಗೆ ಇದ್ಕೊಂಡು ಓದೋ ಹುಡುಗಿ, ಯುಗಾದೀಲಿ ನಿಂಗೆ ಒಬ್ಬಟ್ಟು ಬಡಿಸಿದ್ಲಲ್ಲ ಅವಳು. ಅಪ್ಪ ದೊಡ್ಡೀರಪ್ಪ ಕುರಿ ಕಾಯ್ತಾನೆ, ಅವ್ವ ಮೂಗಮ್ಮ ಕೂಲಿಗೆ ಹೋಗ್ತಾಳೆ. ಅವರ ಹಟ್ಟೀಲಿ ಇಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿಲ್ಲ. ಸೋದರಮಾವ ರಾಜಣ್ಣನಿಗೆ ಕೊಡೋದು ಅಂತ ಹುಟ್ಟಿದಾಗಲೇ ಮಾತಾಗೈತೆ. ಡಿಗ್ರಿ ಪಾಸಾದ್ರೆ ಬಿ.ಎಡ್. ಮುಗಿಯೋವರೆಗೂ ಕಾಯಬೇಕು, ಆಗ್ಲಿಲ್ಲ ಅಂದ್ರೆ ಈ ಶ್ರಾವಣದಾಗೆ ಮದುವೆ ಅಂತ ದೊಡ್ಡೀರಪ್ಪ ಹಿರೀಕರ ಮುಂದೆ ಕೂತು ಒಪ್ಪಿಸಿದ್ದ. ಪೇಪರ್ ನಡುವೆ ರಜಾ ಐತೆ ಅಂತ ಊರಿಗೆ ಹೋಗಿದ್ದಳು. ಮಂಗಳವಾರ ಬೆಳಗ್ಗೆಯಿಂದ ಹಳ್ಳದ ದಂಡೇಲಿ ನಿಂತು, ಕೊನೆಗೆ ಯಾರದೋ ಟ್ರ್ಯಾಕ್ಟರ್ ಹತ್ತಿ ದಾಟಿ ಬಂದವಳೆ. ಕಾಲೇಜು ಮುಟ್ಟೋದಕ್ಕೂ ಎಲ್ರೂ ಬರೆದು ಹೊರಗೆ ಬರೋದಕ್ಕೂ ಸರಿಹೋಯ್ತು. ನಿಮ್ಮ ಭಾವನ ಬಾಯಿಗೆ ಬೆಂಕಿ ಬೀಳ, ಆ ಹುಡುಗೀನ ನೋಡಿ ಕೇಳಿದ ಮೊದಲ ಮಾತು ಯಾವುದು ಗೊತ್ತಾ? "ಮಳೆ ಹೆಂಗಾತಮ್ಮ ನಿಮ್ಮ ಕಡೆ?" ಅವಳು "ಚೆನ್ನಾಗಾತು ಸಾರ್" ಅಂದಳಂತೆ. ಆಮೇಲೆ ಅಲ್ಲೇ ಕಂಬ ಹಿಡ್ಕೊಂಡು ಅತ್ತಳಂತೆ.

ಅವತ್ತಿಂದ ನಮ್ಮ ಮನೇಲೇ ಅವ್ಳೆ. ಪಾತ್ರೆ ತೊಳೆದಿದ್ದನ್ನೇ ತೊಳೀತಾಳೆ. ನಿನ್ನೆ ಮೂಗಮ್ಮ ಬಂದು, ಹೋಗ್ಲಿ ಬಿಡ್ರಮ್ಮ, ಮಳೆನಾದ್ರೂ ಬಂತಲ್ಲ ಅಂದು ಸೆರಗಿನಾಗೆ ಮುಖ ಒರೆಸ್ಕೊಂಡು ಹೋದ್ಲು. ಕಾರಣ ಬರೆದು ಕಳಿಸ್ರಿ, ಇನ್ನೂ ಟೈಮ್ ಐತೆ ಅಂತ ನಾನು ಇವರಿಗೆ ಎಷ್ಟು ಸಲ ಹೇಳಿದೀನಿ! "ಏನಂತ ಬರೀಲಿ? ಮಳೆಯಿಂದ ಅನಾಹುತ ಆಯ್ತು ಅಂತನಾ?" ಅಂತ ನನ್ನ ಮೇಲೇ ಹಾರಾಡ್ತಾರೆ. ಬರೆಯೋಕೆ ಕೂರ್ತಾರೆ, ಎರಡು ಸಾಲು ಬರೆದು ಹರಿದು ಹಾಕ್ತಾರೆ. ಮಂಗಳವಾರ ಮಧ್ಯಾಹ್ನ ನಿಂತ ಮಳೆ ಮತ್ತೆ ಮುಖ ತೋರಿಸಿಲ್ಲ, ಆಕಾಶ ತೊಳೆದಿಟ್ಟಂಗೈತೆ. ಶೇಂಗಾ ಬಿತ್ತಿದವರೆಲ್ಲಾ ಮೇಲೆ ನೋಡ್ತಾ ಕೂತವ್ರೆ. ಈಗ ತಾವು ಏನಾದ್ರೂ ಬರೆದು ಮಳೆ ಹೋಗಿಬಿಟ್ರೆ ಅನ್ನೋ ಹೆದರಿಕೆನೂ ಇವರಿಗೆ ಐತೆ. ಎಂ.ಎ. ಓದಿದ ಗಂಡಸು! ನಗಬ್ಯಾಡ, ನಂಗೂ ಐತೆ ಆ ಹೆದರಿಕೆ.

ಅದಕ್ಕೆ ಮಲ್ಲಿ, ನೀನೊಂದು ಕೆಲಸ ಮಾಡು. ಮಂಗಳವಾರ ಬೆಳಗ್ಗೆ ಚಳ್ಳಕೆರೆಯಿಂದ ಫೋನ್ ಬಂದಿತ್ತು, ಗೊರಗೊರ ಅಂತು, ನೆಟ್ಟಗೆ ಕೇಳಿಸ್ಲಿಲ್ಲ ಅಂತ ನಿಮ್ಮ ಸಾಹೇಬರ ಹತ್ರ ಒಂದು ಮಾತು ಹೇಳಿಬಿಡು. ಸಿಡಿಲು ಮಳೆಗೆ ಫೋನ್ ಕೆಡೋದು ಯಾವ ದೊಡ್ಡ ವಿಷಯ? ನಂಬ್ತಾರೆ. ನಿಮ್ಮ ಭಾವನಿಗೆ ರಿಟೈರ್ ಆಗೋಕೆ ಇನ್ನು ಹೆಚ್ಚು ದಿನ ಬಾಕಿ ಇಲ್ಲ, ಅವರಿಗೂ ಮರ್ಯಾದೆ ಉಳೀತೈತೆ, ಆ ಮಗೂಗೂ ಪೇಪರ್ ಸಿಗ್ತೈತೆ. ಸುಳ್ಳು ಹೇಳು ಅಂತ ಅಕ್ಕ ನಿಂಗೆ ಯಾವತ್ತಾದ್ರೂ ಹೇಳಿದ್ದುಂಟಾ? ಇದೊಂದು ಸಲ ನಡೆಸಿಕೊಡಪ್ಪಾ.

ಜಂಬುಲಿಂಗಪ್ಪನೋರ ಎಣ್ಣೆ ಲಾರಿ ಇವತ್ತು ನಿಮ್ಮೂರಿಗೆ ಹೊರಟೈತೆ, ಡ್ರೈವರ್ ಸೂರಪ್ಪನ ಕೈಲಿ ಇದನ್ನ ಕೊಡ್ತೀನಿ, ಜೊತೆಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ. ಅವನಿಗೆ ಊಟ ಹಾಕಿ ಕಳಿಸು. ಗಂಗಾಂಬಿಕಾಗೆ ನನ್ನ ಪ್ರೀತಿ. ನೂರು ಕಾಲ ಚೆನ್ನಾಗಿರ್ರಪ್ಪಾ ಇಬ್ರೂ.

ನಿನ್ನ ಅಕ್ಕ,
ಅನ್ನಪೂರ್ಣ

ತಾ.ಕ.: ಲಾರಿ ಬಾಗಿಲಿಗೆ ಬಂದು ಹಾರ್ನ್ ಹೊಡೀತೈತೆ, ಅವಸರದಾಗೆ ಬರೀತಿದೀನಿ. ಫೋನಿನ ಉಪಾಯ ನಿಮ್ಮ ಭಾವನಿಗೆ ಹೇಳ್ದೆ. ಬೈತಾರೆ ಅನ್ಕೊಂಡ್ರೆ ಬೈಲಿಲ್ಲ. ಒಳಗೆ ಹೋಗಿ ಕಾಲೇಜಿನ ಹಾಳೆ ಮೇಲೆ ಬರೆದು, ಸೀಲು ಹಾಕಿ ತಂದು ಕೊಟ್ರು. ಇದರ ಜೊತೆ ಇಟ್ಟಿದೀನಿ. ಮಳೆ ಅನ್ನೋ ಮಾತೇ ಇಲ್ಲ ಅದ್ರಾಗೆ. "ಹಳ್ಳ ಬಂದು ದಾರಿ ಕಡಿದಿರುವುದು ಪರೀಕ್ಷೆಗೆ ಮೊದಲೇ ನನಗೆ ತಿಳಿದಿತ್ತು. ಫೋನ್ ಸರಿಯಾಗಿತ್ತು. ನಾನು ಮಾಡಲಿಲ್ಲ. ತಪ್ಪು ನನ್ನದು, ಬರಲಾಗದ ವಿದ್ಯಾರ್ಥಿಗಳದ್ದಲ್ಲ." ಅಷ್ಟೇ. ಇದು ಮೇಲಕ್ಕೆ ಹೋದ್ರೆ ವಿಚಾರಣೆ ಅಂತ ಕರೀತಾರೆ, ನಂಗೆ ಗೊತ್ತು. ಭಾವ ಅಂತ ನೀನು ಇದನ್ನ ಮೇಜಿನ ಒಳಗೆ ಹಾಕಿ ಕೂತ್ಬಿಟ್ಟೀಯ. ಬ್ಯಾಡ. ಆ ಫೋನಿನ ಸುಳ್ಳೂ ಬ್ಯಾಡ. ಮಂಗಳವಾರದೊಳಗೆ ಇದನ್ನೇ ಕೊಡು. ಅಕ್ಕನೇ ಹೇಳ್ತಿದೀನಿ, ಕೊಡು.